ಓ ಎನ್ನುವವರಿಲ್ಲದ ಆಕಾಶ

ಹೊರದೇಶಕ್ಕೆ ಹೋಗಿ ಬಂದಿದ್ದೀರಲ್ಲ ಮೇಡಂ, ನಮ್ಮ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಲ್ಲಿ ಗಂಟುಬಿದ್ದಿದ್ದಾರೆ. ನಾನು ಹಡಗಲಿಯಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು. ನಮ್ಮ ಸ್ಟಾಫ್ ರೂಮಿನಲ್ಲಿ ಗೋವಾ ದಾಟಿ ಹೋದವರು ಯಾರೂ ಇಲ್ಲವಾದ್ದರಿಂದ ನಾನೀಗ ದೊಡ್ಡ ಪ್ರವಾಸಿ. ಫೋಟೊ ಇದ್ದರೆ ಇನ್ನೂ ಚೆಂದ ಎಂದರು. ಒಂದೇ ಒಂದು ಫೋಟೊ ಇದೆ. ಕೊಯ್ಲು ಮುಗಿದ ಗೋಧಿ ಹೊಲ, ನಡುವೆ ಧೋತರದ ಮೇಲೆ ಯಾರದೋ ದಪ್ಪ ಕೋಟು ತೊಟ್ಟು ನಿಂತ ನಮ್ಮಪ್ಪ, ತಲೆಯ ಮೇಲೆ ಬೋಳು ಆಕಾಶ. ಬೇಕಾದರೆ ಅದನ್ನೇ ಹಾಕಿಕೊಳ್ಳಲಿ.

ದೇಶದ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅಲ್ಲಿನ ವಕೀಲರು ಹೇಳಿದ್ದಾರೆ. ಇಂಗ್ಲಿಷ್ ಮಾತಾಡುವ, ಚಳಿ ಹೆಚ್ಚಿರುವ, ಕಾಲು ತುಳಿಸಿಕೊಂಡವರೇ ಮೊದಲು ಸಾರಿ ಕೇಳುವ ದೇಶ ಎಂದಷ್ಟೇ ತಿಳಿದುಕೊಳ್ಳಿ. ಅಲ್ಲಿ ನನ್ನ ತಮ್ಮ ವೀರೇಶ ಬೆಳೆಗೆ ಔಷಧಿ ಹೊಡೆಯುವ ಸಣ್ಣ ವಿಮಾನ ಓಡಿಸುತ್ತಿದ್ದ. ನಮ್ಮ ಕಡೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಮಾಡುವ ಕೆಲಸವನ್ನು ಅಲ್ಲಿ ಮೇಲಿನಿಂದ ಮಾಡುತ್ತಾರೆ. ಹೋದ ವರ್ಷ ಒಂದು ಮುಂಜಾನೆ, ತರಬೇತಿಗೆಂದು ತೀರ ಕೆಳಗೆ ಹಾರುತ್ತಿದ್ದ ಸೇನೆಯ ಯುದ್ಧವಿಮಾನವೊಂದು ಅವನ ವಿಮಾನಕ್ಕೆ ಬಡಿಯಿತು. ಸೇನೆಯ ಪೈಲಟ್ ಸೀಟಿನ ಸಮೇತ ಹೊರಗೆ ಹಾರಿ ಪ್ಯಾರಾಶೂಟಿನಲ್ಲಿ ಇಳಿದ. ನಮ್ಮವನ ಸೀಟು ಹಾರುವಂಥದ್ದಲ್ಲ.

ಆಮೇಲೆ ಅಲ್ಲಿನ ಸರ್ಕಾರ ಒಂದು ಸಮಿತಿ ಮಾಡಿತು. ಸೇನೆ ಅಭ್ಯಾಸ ಮಾಡುವ ಆಕಾಶದ ವರ್ಗ ಬದಲಿಸಿ, ಅಭ್ಯಾಸ ನಡೆಯುವ ಹೊತ್ತಿಗೆ ಬೇರೆ ವಿಮಾನಗಳಿಗೆ ಅದನ್ನು ಮುಚ್ಚಬೇಕೇ ಬೇಡವೇ ಎಂಬುದು ಆ ಸಮಿತಿಯ ಮುಂದಿದ್ದ ಪ್ರಶ್ನೆ. ಸತ್ತವರ ಮನೆಯವರು ಬಂದು ಐದು ನಿಮಿಷ ಮಾತಾಡಬಹುದು ಎಂದು ನಮಗೂ ಪತ್ರ ಬಂತು. ಅಪ್ಪ ಹೋಗಿಯೇ ತೀರುತ್ತೇನೆ ಎಂದ. ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು ಹೊರಟೆ.

ಕೂಡ್ಲಿಗಿ ಬಸ್ ಸ್ಟ್ಯಾಂಡ್

ಅಪ್ಪ ಬಾವಿಗೆ ಮದ್ದು ಹಾರಿಸುವವನು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಆಳೆತ್ತರ ಮಣ್ಣು ತೆಗೆದರೆ ಸಾಕು, ಬಂಡೆ ಸಿಗುತ್ತದೆ, ಮದ್ದಿಟ್ಟು ಸಿಡಿಸದೆ ನೀರಿಲ್ಲ. ಬೋರ್‌ವೆಲ್ ಬರುವ ಮೊದಲು ಅಪ್ಪನ ಕೈ ತಾಗದೆ ನೀರು ಕಂಡ ಬಾವಿ ಈ ಕಡೆ ಕಡಿಮೆ. ಈಗಲೂ ಹಳೇ ಬಾವಿಯನ್ನು ಆಳ ಮಾಡಿಸುವವರು ಅವನನ್ನು ಕರೆಯುತ್ತಾರೆ. ಲೈಸೆನ್ಸು, ಮದ್ದು, ವೈರು, ಬ್ಯಾಟರಿ ಎಲ್ಲ ಬಂಡೆಗೆ ತೂತು ಕೊರೆಯುವ ಕಂಪ್ರೆಸರ್ ಟ್ರ್ಯಾಕ್ಟರಿನವರದು. ಮದ್ದು ತುಂಬುವುದು, ಕೂಗುವುದು ಮಾತ್ರ ಅಪ್ಪನದು.

ಈ ಕೂಗಿನ ವಿಷಯ ಗೊತ್ತಿಲ್ಲದವರಿಗೆ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಬಂಡೆಗೆ ಮದ್ದು ತುಂಬಿದ ಮೇಲೆ ನಾಲ್ಕು ದಿಕ್ಕಿನ ದಾರಿಗೆ ನಾಲ್ವರು ಹೋಗಿ ನಿಲ್ಲುತ್ತಾರೆ. ಅಪ್ಪ ಬಾವಿಯ ದಂಡೆ ಹತ್ತಿ "ಮದ್ದೈತೋ, ಮದ್ದೂ" ಎಂದು ಕೂಗುತ್ತಾನೆ. ಆ ನಾಲ್ವರು ದಾರಿಹೋಕರನ್ನೂ ದನ ಕುರಿಗಳನ್ನೂ ತಡೆದು ನಿಲ್ಲಿಸಿ, ಒಬ್ಬೊಬ್ಬರಾಗಿ "ಓ" ಎನ್ನಬೇಕು. ನಾಲ್ಕೂ ಓ ಕಿವಿಗೆ ಬಿದ್ದ ಮೇಲೆಯೇ ಬೆಂಕಿ. ಮೂರು ಬಂದು ಒಂದು ಬರಲಿಲ್ಲವೆಂದರೆ ಅಪ್ಪ ದಂಡೆಯ ಮೇಲೆ ಕುಳಿತೇಬಿಡುತ್ತಾನೆ. ಹೊಲದ ಮಾಲಿಕ ಕೂಗಾಡಲಿ, ಆಳುಗಳು ಗೊಣಗಲಿ, ಅವನು ಏಳುವುದಿಲ್ಲ.

ವೀರೇಶ ಚಿಕ್ಕವನಿದ್ದಾಗ ಸಾಲಿ ರಜೆಯಲ್ಲಿ ಬಡಗಣ ದಿಕ್ಕಿಗೆ ಅವನೇ ನಿಲ್ಲುತ್ತಿದ್ದ. ಅವನ ಓ ಯಾವತ್ತೂ ತಡ. ಮೇಲೆ ಸುತ್ತುವ ಹದ್ದನ್ನು ನೋಡುತ್ತ ಮೈಮರೆತು ನಿಂತುಬಿಡುತ್ತಿದ್ದ. ಅಪ್ಪ ಅವನ ವಂಶವನ್ನೆಲ್ಲ, ಅಂದರೆ ತನ್ನ ವಂಶವನ್ನೇ, ಬೈಯುತ್ತ ಕಾಯುತ್ತಿದ್ದ. ಬೈದನೇ ಹೊರತು ಒಂದು ದಿನವೂ ಮೂರು ಓಗೆ ಬೆಂಕಿ ಹಚ್ಚಲಿಲ್ಲ.

ಅವ್ವ ಬಸ್ ಸ್ಟ್ಯಾಂಡಿನವರೆಗೆ ಬಂದಳು. ಖಡಕ್ ರೊಟ್ಟಿಯ ಗಂಟು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ ನನ್ನ ಕೈಗಿತ್ತು, ಅಪ್ಪನ ಮುಖ ನೋಡದೆ ಬಸ್ಸಿನ ಗಾಲಿ ನೋಡುತ್ತ ಹೇಳಿದಳು:

"ಅಲ್ಲಿ ಏನ್ ಮಾತಾಡ್ತೀರೋ ನನಗ ಗೊತ್ತಿಲ್ಲ. ಅದನ್ನ ಮುಚ್ಚಿಸಿ ಬರ್ರಿ. ಇನ್ನೊಬ್ರ ಮಗ ಆ ದಾರ್ಯಾಗ ಹೋಗಬಾರದು."

"ಹೂಂ," ಎಂದ ಅಪ್ಪ.

ಹೊಸ ಸೂಟ್‌ಕೇಸು ಕೊಡಿಸಿದ್ದೆ. ಆದರೂ ಅಪ್ಪ ಕೆಲಸಕ್ಕೆ ಒಯ್ಯುವ ಕಾಕಿ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಸ್ಸು ಹತ್ತಿದ. ಒಗೆದಿದ್ದೇನೆ ಎಂದ.

ವಿಮಾನ ಬದಲಿಸುವ ಊರು

ಅಲ್ಲಿ ತಪಾಸಣೆಯ ಹುಡುಗಿ ಅಪ್ಪನ ಚೀಲಕ್ಕೆ ಒಂದು ಬಿಳಿ ಪಟ್ಟಿ ಸವರಿ ಯಂತ್ರದಲ್ಲಿಟ್ಟಳು. ಯಂತ್ರ ಕಿರುಚಿತು. ಮತ್ತೊಂದು ಪಟ್ಟಿ ತೆಗೆದು ಅಪ್ಪನ ಅಂಗೈಗೆ ಸವರಿದಳು. ಇನ್ನೂ ಜೋರಾಗಿ ಕಿರುಚಿತು. ಎಲ್ಲಿದ್ದರೋ, ಗಟ್ಟಿಮುಟ್ಟಾದ ನಾಲ್ಕು ಜನ ಬಂದು ನಮ್ಮನ್ನು ಕಿಟಕಿಯಿಲ್ಲದ ಕೋಣೆಗೆ ಕರೆದುಕೊಂಡು ಹೋದರು. ಅವ್ವನ ಶೇಂಗಾ ಹಿಂಡಿಯನ್ನು ಕೈಗವಸು ಹಾಕಿಕೊಂಡು ಬೇರೆ ಮೇಜಿನ ಮೇಲಿಟ್ಟರು.

ಇವರು ಯಾವತ್ತಾದರೂ ಸ್ಫೋಟಕ ಮುಟ್ಟಿದ್ದಾರೆಯೇ ಎಂದು ಹಿರಿಯ ಅಧಿಕಾರಿ ನನ್ನನ್ನು ಕೇಳಿದ.

"ಏನಂತಾನವ್ವ ಅಂವ?"

"ನೀನು ಮದ್ದು ಮುಟ್ಟೀಯೇನು ಅಂತ ಕೇಳಾಕತ್ತಾನ."

"ಮುಟ್ಟಲಾರದ ಏನ್ ಮಾಡ್ಲಿ? ನನ್ನ ಕಸುಬ ಅದು. ನಿನಗ ಸಾಲಿ ಕಲ್ಸಿದ್ದು, ನಿನ್ನ ತಮ್ಮಗ ವಿಮಾನ ಕಲ್ಸಿದ್ದು ಅದ ಅಂತ ಹೇಳು."

"ಅಪ್ಪಾ, ಇಲ್ಲಿ ಹಂಗ ಅನ್ನಬಾರದು. ನಾ ಇಲ್ಲ ಅಂತೀನಿ, ನೀ ಸುಮ್ನಿರು."

"ಯಾಕ ಇಲ್ಲ ಅಂತಿ? ಕಳವು ಮಾಡೀನೇನು?"

ಇದ್ದದ್ದನ್ನೇ ಹೇಳಿದೆ. ಮುಂದಿನ ವಿಮಾನ ನಮ್ಮನ್ನು ಬಿಟ್ಟು ಹೋಯಿತು. ಫೋನಿನಲ್ಲಿದ್ದ ಬಾವಿಗಳ ಫೋಟೊ, ಸಮಿತಿಯ ಪತ್ರ, ಕೊನೆಗೆ ವೀರೇಶನ ಮರಣಪತ್ರ ಎಲ್ಲವನ್ನೂ ತೋರಿಸಿದ ಮೇಲೆ ಅಧಿಕಾರಿಯ ಮುಖ ಮೆತ್ತಗಾಯಿತು. ಸಾರಿ ಎಂದ. ಕಾಫಿ ಕೊಟ್ಟ. ಹಿಂಡಿಯ ಡಬ್ಬಿ ಮಾತ್ರ ವಾಪಸು ಬರಲಿಲ್ಲ.

ನಾನು ಆ ಯಂತ್ರವನ್ನೇ ನೋಡುತ್ತ ಕುಳಿತಿದ್ದೆ. ಒಗೆದು ಒಣಗಿಸಿದ ಚೀಲದಲ್ಲಿ ಕಣ್ಣಿಗೆ ಕಾಣದಷ್ಟು ಮದ್ದಿನ ವಾಸನೆ ಉಳಿದಿದ್ದರೂ ಇವರಿಗೆ ಗೊತ್ತಾಗುತ್ತದೆ. ಒಂದು ಇಡೀ ವಿಮಾನ ಇನ್ನೊಂದು ವಿಮಾನದ ಮೇಲೆ ಬರುತ್ತಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಆ ಅಧಿಕಾರಿಗೆ ಹೇಳಬೇಕೆನ್ನಿಸಿತು. ಆದರೆ ಅವನು ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳುತ್ತಿದ್ದ.

ಡಗ್‌ನ ಮನೆ

ಡಗ್ ಎಂಬವನು ವೀರೇಶ ಕೆಲಸ ಮಾಡುತ್ತಿದ್ದ ಕಂಪನಿಯ ಮಾಲಿಕ. ಕಂಪನಿ ಎಂದರೆ ಎರಡು ವಿಮಾನ, ಒಂದು ಶೆಡ್ಡು. ಈಗ ಒಂದೇ ವಿಮಾನ. ನಮ್ಮನ್ನು ಹೋಟೆಲಿಗೆ ಹೋಗಲು ಬಿಡದೆ ಮನೆಗೇ ಕರೆದುಕೊಂಡು ಹೋದ. ತನ್ನ ದಪ್ಪ ಕೋಟನ್ನು ಅಪ್ಪನಿಗೆ ತೊಡಿಸಿ ತಾನೇ ಗುಂಡಿ ಹಾಕಿದ.

ಆ ಊರಿನ ಜನ ವಿಚಿತ್ರ. ರಸ್ತೆಯಲ್ಲಿ ಎದುರಾದ ಪ್ರತಿ ಗಾಡಿಯವನೂ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾನೆ. ಆದರೆ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಹಾರನ್ ಇಲ್ಲ, ಪಕ್ಕದ ಮನೆಯವರನ್ನು ಬೇಲಿಯಾಚೆಯಿಂದ ಮಾತಾಡಿಸುವುದಿಲ್ಲ, ಗಂಡ ಹೆಂಡತಿ ಒಂದೇ ಮನೆಯ ಎರಡು ಕೋಣೆಗಳಿಂದ ಫೋನಿನಲ್ಲಿ ಮೆಸೇಜು ಕಳಿಸಿಕೊಳ್ಳುತ್ತಾರೆ. ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಬೀಳುವಷ್ಟು ಸದ್ದು ಅಲ್ಲಿ ಒಂದು ವಾರ ನಿಂತರೂ ಕಿವಿಗೆ ಬೀಳುವುದಿಲ್ಲ. ಅಪ್ಪ ಮೇಲಿಂದ ಮೇಲೆ ಕಿಟಕಿಯ ಹೊರಗೆ ಇಣುಕತೊಡಗಿದ. ಸದ್ದಿಲ್ಲದ ಕಡೆ ಅವನಿಗೆ ಯಾವತ್ತೂ ನಂಬಿಕೆಯಿಲ್ಲ.

ಡಗ್ ಊಟದ ಮೇಜಿನ ಮೇಲೆ ಆಕಾಶದ ನಕ್ಷೆ ಹಾಸಿದ. ನಮ್ಮ ಕಂದಾಯದ ನಕ್ಷೆಯಲ್ಲಿ ಹೊಲಗಳನ್ನು ಗುರುತಿಸುವ ಹಾಗೆ ಅಲ್ಲಿ ಆಕಾಶವನ್ನೂ ತುಂಡು ಮಾಡಿ ಗೆರೆ ಎಳೆದಿದ್ದಾರೆ. ಕೆಂಪು ಗೆರೆಯೊಳಗೆ ಯಾರೂ ಹೋಗುವ ಹಾಗಿಲ್ಲ. ನೀಲಿ ಗೆರೆಯೊಳಗೆ ಕೇಳಿ ಹೋಗಬೇಕು. ಇನ್ನೊಂದು ಹಳದಿ ಚುಕ್ಕೆಗಳ ಗೆರೆ. ಅದರ ಹೆಸರು ಎಚ್ಚರಿಕೆಯ ವಲಯ. ಅದರೊಳಗೆ ಸೇನೆಯವರು ಎಷ್ಟು ಕೆಳಗೆ, ಎಷ್ಟು ಜೋರಾಗಿ ಬೇಕಾದರೂ ಹಾರಿ ಅಭ್ಯಾಸ ಮಾಡಬಹುದು. ಬೇರೆಯವರೂ ಹೋಗಬಹುದು. ಯಾರೂ ಯಾರನ್ನೂ ಕೇಳಬೇಕಿಲ್ಲ, ಇಬ್ಬರೂ ಕಣ್ಣು ಬಿಟ್ಟುಕೊಂಡು ಹಾರಬೇಕು, ಅಷ್ಟೇ.

ಅಪ್ಪ ಹಳದಿ ಚುಕ್ಕೆಗಳ ಮೇಲೆ ಬೆರಳಾಡಿಸಿದ.

"ವೀರೇಶ ಇದರಾಗ ಇದ್ದನೇನು?"

"ಹೂಂ."

"ಗೋಮಾಳ ಇದ್ದಂಗೈತಿ ಇದು. ಗೋಮಾಳದಾಗ ದನಾನೂ ಬಿಟ್ಟು, ಬಂದೂಕು ಕಲಿಯಾಕನೂ ಬಿಟ್ಟಾರ."

ನಾನು ತಿರುಗಿಸಿ ಹೇಳಿದೆ. ಡಗ್ ತಲೆಯಾಡಿಸಿದ. ಆಮೇಲೆ, ನಿಮಗೆ ಬೇಡವೆನ್ನಿಸಿದರೆ ಬೇಡ ಎನ್ನುತ್ತ ಫೋನಿನಲ್ಲಿದ್ದ ಒಂದು ಧ್ವನಿಮುದ್ರಣ ಹಚ್ಚಿದ. ಆ ಮುಂಜಾನೆ ರೇಡಿಯೊದಲ್ಲಿ ವೀರೇಶ ಆಡಿದ ಮಾತು. ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಯಾವ ಕಡೆ ತಿರುಗುತ್ತೇನೆ ಎಂದು ಹೇಳುತ್ತಾನೆ. ಸ್ವಲ್ಪ ಹೊತ್ತು ಬರೀ ಸುಯ್ಯೆನ್ನುವ ಸದ್ದು. ಮತ್ತೆ ಅದನ್ನೇ ಹೇಳುತ್ತಾನೆ. ಮತ್ತೆ ಸುಯ್. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೂ ಕೊನೆಯ ಪದವನ್ನು ನಮ್ಮವರಂತೆ ಎಳೆಯುತ್ತಿದ್ದ.

ಅಪ್ಪನಿಗೆ ಒಂದು ಪದವೂ ತಿಳಿಯುವುದಿಲ್ಲ. ಆದರೂ ಅವನು ನನ್ನ ಮೊಣಕೈ ಹಿಡಿದುಕೊಂಡ.

"ಕೂಗಾಕತ್ತಾನ. ಕೂಗಿ ತಡೀತಾನ ನೋಡು. ಓ ಅಂತಾರೇನು ಅಂತ ಕಾಯಾಕತ್ತಾನ."

ಯಾರೂ ಯಾಕೆ ಉತ್ತರ ಕೊಡಲಿಲ್ಲ ಎಂದು ಡಗ್‌ನನ್ನು ಕೇಳಿದೆ. ಸೇನೆಯ ವಿಮಾನದ ರೇಡಿಯೊ ಬೇರೆ ಚಾನೆಲ್ಲಿನಲ್ಲಿತ್ತು ಎಂದ. ಅವರು ನಮ್ಮ ಚಾನೆಲ್ ಕೇಳಬೇಕೆಂಬ ನಿಯಮ ಎಚ್ಚರಿಕೆಯ ವಲಯದಲ್ಲಿ ಇಲ್ಲ. ಹಾಗಾದರೆ ಉತ್ತರ ಬರದಿದ್ದಾಗ ವೀರೇಶನೇಕೆ ಮುಂದೆ ಹೋದ ಎಂದೆ.

"ಉತ್ತರ ಬರಲಿಲ್ಲವೆಂದರೆ ಅಲ್ಲಿ ಯಾರೂ ಇಲ್ಲ ಎಂದು ಅರ್ಥ. ಎಲ್ಲರೂ ಹಾಗೆಯೇ ಹಾರುತ್ತೇವೆ," ಎಂದ ಡಗ್.

ಇದನ್ನು ಕನ್ನಡಕ್ಕೆ ತಿರುಗಿಸಲು ನನಗೆ ಸಂಕಟವಾಯಿತು. ತಿರುಗಿಸಿದೆ. ಅಪ್ಪ ನನ್ನ ಮೊಣಕೈ ಬಿಟ್ಟ.

"ನಮ್ಮಲ್ಲಿ ಓ ಬರಲಿಲ್ಲ ಅಂದ್ರ ಯಾರೋ ಅದಾರ ಅಂತ ಅರ್ಥ," ಎಂದ ಆಮೇಲೆ. "ನನ್ನ ಕೈಯಾಗ ಬೆಳದ ಹುಡುಗ. ಇಲ್ಲಿ ಬಂದು ಇವರದು ಕಲ್ತಾನ."

ಗೋಧಿ ಹೊಲ

ಮರುದಿನ ಆ ಜಾಗಕ್ಕೆ ಹೋದೆವು. ನೋಡುವಂಥದ್ದು ಏನೂ ಇಲ್ಲ. ಕೊಯ್ದ ಗೋಧಿಯ ಕೂಳೆ ಕಣ್ಣು ಹಾಯುವವರೆಗೆ ಹಬ್ಬಿತ್ತು. ಸುಟ್ಟ ಮಣ್ಣನ್ನು ತೆಗೆದು ಬೇರೆ ಮಣ್ಣು ಹಾಕಿಸಿದ್ದಾರೆ, ಅಲ್ಲಿಯೂ ಬೆಳೆ ಬಂದಿದೆ. ಹೊಲದ ಒಡೆಯ ಕಲ್ಲೊಂದನ್ನು ನಿಲ್ಲಿಸಿ ಹೆಸರು ಕೆತ್ತಿಸಿದ್ದ. ಅಪ್ಪ ಆ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ, ಯಾವ ಕಲ್ಲು ಕಂಡರೂ ಅವನು ಮಾಡುವುದೇ ಹಾಗೆ.

ನಾನು ಫೋಟೊ ತೆಗೆದೆ. ಫೋನನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಒಂದು ನೆರಳು ನಮ್ಮ ಮೇಲೆ ಹಾದುಹೋಯಿತು. ಅದು ಹೋದ ಮೇಲೆ ಸದ್ದು ಬಂತು. ಅಂಥ ಸದ್ದನ್ನು ನಾನು ಕೇಳಿಲ್ಲ. ಎದೆಗೂಡು ನಡುಗಿತು, ಕಾಲ ಕೆಳಗಿನ ಕೂಳೆ ಅದುರಿತು. ತಲೆಯೆತ್ತಿ ನೋಡಿದರೆ ಬೂದು ಬಣ್ಣದ ಯುದ್ಧವಿಮಾನ ಆಗಲೇ ಚುಕ್ಕೆಯಾಗಿತ್ತು. ಬಾವಿಗೆ ಎಷ್ಟೋ ಸಲ ಮದ್ದು ಹಾರಿಸಿದ ನಮ್ಮಪ್ಪ ಕುಕ್ಕರಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದ.

ವಸಂತದಿಂದ ಅಭ್ಯಾಸ ಮತ್ತೆ ಶುರು ಮಾಡಿದ್ದಾರೆ ಎಂದು ಡಗ್ ಹೇಳಿದ. ಅದೇ ಜಾಗ, ಅದೇ ಎತ್ತರ, ಅದೇ ಹಳದಿ ಚುಕ್ಕೆ. ಸಾರಿ ಎಂದ. ಆ ದೇಶದಲ್ಲಿ ಆ ಪದವನ್ನು ಎಷ್ಟು ಸಲ ಕೇಳಿದೆನೆಂದರೆ, ಈಗ ನನ್ನ ವಿದ್ಯಾರ್ಥಿಗಳು ಸಾರಿ ಮೇಡಂ ಎಂದರೂ ಮೈ ಉರಿಯುತ್ತದೆ.

"ಕೂಗಲಾರದ ಹಾರಿಸ್ತಾರಲ್ಲವ್ವ," ಎಂದ ಅಪ್ಪ ಮೇಲೇಳುತ್ತ. "ಇಷ್ಟ್ ದೊಡ್ಡ ಮಂದಿ."

ರಾಜಧಾನಿ

ಸಭೆಯ ಹಿಂದಿನ ಸಂಜೆ ಹೋಟೆಲಿನಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ಭಾಷಣವನ್ನು ಅಪ್ಪನ ಮುಂದೆ ಓದಿದೆ. ಚೆನ್ನಾಗಿತ್ತು. ಅಪ್ಪ ಬೇಡ ಎಂದ. ತನ್ನ ಮಾತು ತಾನೇ ಆಡುತ್ತೇನೆ, ನೀನು ತಿರುವಿ ಹೇಳು, ಒಂದು ಅಕ್ಷರ ಬಿಡಬೇಡ ಎಂದ. ತಿರುವುವುದೂ ಸೇರಿ ಐದು ನಿಮಿಷ ಎಂದು ಎಚ್ಚರಿಸಿದೆ.

"ಐದು ನಿಮಿಷ ಮಾತಿಗಲ್ಲೇನು? ಶರಣು ಹೇಳಾದು ಅದರಾಗ ಬರ್ತೈತೇನು?"

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ.

ಸಭೆ ನಡೆದದ್ದು ಮರದ ಹಲಗೆ ಹೊದಿಸಿದ ದೊಡ್ಡ ಕೋಣೆಯಲ್ಲಿ. ಸಮಿತಿಯ ಅಧ್ಯಕ್ಷೆ ಬೆಳ್ಳಿ ಕೂದಲಿನ ಹೆಂಗಸು, ನಮ್ಮ ಸೋದರತ್ತೆಯ ಹಾಗೆ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಒಂದು ಪಕ್ಕದಲ್ಲಿ 'ಸೇನೆಯ ಅಧಿಕಾರಿಗಳು', ಇನ್ನೊಂದು ಪಕ್ಕದಲ್ಲಿ 'ನಾಗರಿಕ ಪೈಲಟ್‌ಗಳು' ಎಂಬ ಫಲಕಗಳಿದ್ದವು. ಮಾತಾಡುವವರ ಮೇಜಿನ ಮೇಲೆ ಪುಟ್ಟದೊಂದು ದೀಪ. ಹಸಿರಿದ್ದರೆ ಮಾತಾಡಬೇಕು, ಹಳದಿಯಾದರೆ ಮುಗಿಸಬೇಕು, ಕೆಂಪಾದರೆ ಮೈಕು ತಾನಾಗಿಯೇ ಸಾಯುತ್ತದೆ.

ನಮಗಿಂತ ಮೊದಲು ಡಗ್ ಮಾತಾಡಿದ. ವೀರೇಶನಂಥ ಪೈಲಟ್ ಇನ್ನೊಬ್ಬನಿರಲಿಲ್ಲ ಎಂದು ಹೇಳಿದ. ಆಮೇಲೆ, ದಯವಿಟ್ಟು ಆಕಾಶ ಮುಚ್ಚಬೇಡಿ ಎಂದ. ನನ್ನ ಗಿರಾಕಿಗಳ ಹೊಲಗಳೆಲ್ಲ ಆ ಹಳದಿ ಗೆರೆಯೊಳಗಿವೆ, ಸೇನೆ ವಾರವೆಲ್ಲ ಅಭ್ಯಾಸ ಮಾಡಿದರೆ ನಾನು ಶೆಡ್ಡಿಗೆ ಬೀಗ ಹಾಕಬೇಕಾಗುತ್ತದೆ ಎಂದ. ನಾಗರಿಕ ಪೈಲಟ್‌ಗಳು ಚಪ್ಪಾಳೆ ತಟ್ಟಿದರು. ಸೇನೆಯವರೂ ತಟ್ಟಿದರು. ನಮ್ಮನ್ನು ಮನೆಯಲ್ಲಿಟ್ಟುಕೊಂಡು ಬಿಸಿ ಸೂಪು ಕುಡಿಸಿದವನು ಇವನೇನಾ ಎಂದು ನನಗೆ ರಕ್ತ ಕುದಿಯಿತು. ಅಪ್ಪನಿಗೆ ಹೇಳಿದರೆ, "ಅಂವಂದೂ ಹೊಟ್ಟಿಪಾಡು ಬಿಡವ್ವ" ಎಂದು ಕೋಟಿನ ಗುಂಡಿ ಸರಿ ಮಾಡಿಕೊಂಡ. ಆ ಕೋಟೂ ಡಗ್‌ನದೇ.

ಅಪ್ಪನ ಸರದಿ ಬಂತು. ಹಸಿರು ದೀಪ ಹತ್ತಿತು. ಅಪ್ಪ ಎದ್ದು ನಿಂತು ಕೈಮುಗಿದ.

"ನೆರೆದ ದೈವಕ್ಕ ಶರಣು."

ಈ ಕಡೆಯವರಿಗೆ ವಿವರಿಸಬೇಕಿಲ್ಲ. ನಮ್ಮಲ್ಲಿ ನ್ಯಾಯಕ್ಕೆ ಕೂಡಿದ ಜನವೇ ದೈವ. ದೈವಕ್ಕೆ ಶರಣು ಹೇಳದೆ, ತಾನು ಯಾರ ಮಗ, ಯಾವ ಊರವನು ಎಂದು ತಿಳಿಸದೆ, ಎದುರಿನವನ ಮನೆಯ ಕ್ಷೇಮ ಕೇಳದೆ ದೂರು ಶುರು ಮಾಡಿದವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನ್ಯಾಯಕ್ಕೆ ಬಂದವನೋ ಜಗಳಕ್ಕೆ ಬಂದವನೋ ಎಂದು ಅಳೆಯುವುದೇ ಇದರಿಂದ. ಅಪ್ಪ ಒಂದನ್ನೂ ಬಿಡಲಿಲ್ಲ. ಅಧ್ಯಕ್ಷೆಗೆ, "ತಾಯೀ, ನಿಮ್ಮ ಮನಿ ಮಂದಿಯೆಲ್ಲ ಆರಾಮ ಅದಾರೇನ್ರಿ?" ಎಂದ. ತನ್ನ ತಂದೆಯ ಹೆಸರು ಹೇಳಿದ, ತಾತನ ಹೆಸರು ಹೇಳಿದ, ಕೂಡ್ಲಿಗಿ ಎಲ್ಲಿದೆ ಎಂದು ಹೇಳಿದ. ಸೇನೆಯವರ ಕಡೆ ತಿರುಗಿ ಅವರಿಗೂ ಕೈಮುಗಿದ.

"ನಿಮ್ಮ ವಿಮಾನದಿಂದ ಇಳಕೊಂಡ ಹುಡುಗ ಆರಾಮದಾನೇನ್ರಿ? ಕೈಕಾಲು ನೆಟ್ಟಗದಾವೇನ್ರಿ ಅವನವು? ಅವರ ಅವ್ವಗ ಹೇಳ್ರಿ, ನಾವು ಕೇಳಿದ್ವಿ ಅಂತ."

ನಾನು ಒಂದು ಅಕ್ಷರ ಬಿಡದೆ ತಿರುಗಿಸಿದೆ. ಸೇನೆಯ ಹಿರಿಯ ಅಧಿಕಾರಿ ಎದ್ದು, ಅವನು ಗುಣವಾಗಿದ್ದಾನೆ ಎಂದು ಉತ್ತರ ಕೊಟ್ಟ. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಕೋಣೆಯೆಲ್ಲ ಕರಗಿ ನೀರಾಗಿತ್ತು. ನನಗೆ ಹೆಮ್ಮೆಯಾಯಿತು. ಮೇಜಿನ ಕಡೆ ನೋಡಿದರೆ ದೀಪ ಹಳದಿಯಾಗಿತ್ತು.

"ಅಪ್ಪಾ, ಲಗೂನ ಮುಖ್ಯದ್ದು ಹೇಳು," ಎಂದೆ.

"ನಂದು ಬಾವಿಗೆ ಮದ್ದು ಹಾರಿಸೋ ಕಸುಬ್ರಿ," ಎಂದ ಅಪ್ಪ, ಈಗಷ್ಟೇ ಕಟ್ಟೆ ಹತ್ತಿ ಕುಳಿತವನ ನಿಧಾನದಲ್ಲಿ. "ನಾವು ಹಾರಿಸಾಕಿಂತ ಮೊದಲ ಕೂಗಿ ಹೇಳ್ತೀವ್ರಿ."

ತಿರುಗಿಸಿದೆ. ದೀಪ ಕೆಂಪಾಯಿತು. ಮೈಕು ಟಿಕ್ ಎಂದು ಸತ್ತಿತು.

ಅಪ್ಪ ಮುಂದಿನ ಮಾತಿಗೆ ಬಾಯಿ ತೆರೆದಿದ್ದ. ಅಷ್ಟರಲ್ಲಿ ಇಡೀ ಕೋಣೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೇನೆಯವರು, ಪೈಲಟ್‌ಗಳು, ಸಮಿತಿಯವರು ಎಲ್ಲರೂ ತಟ್ಟಿದರು. ಅಪ್ಪ ಗಾಬರಿಯಿಂದ ನನ್ನನ್ನು ನೋಡಿದ.

"ಇನ್ನೂ ಅರ್ಧ ಐತಿ ಅನ್ನು. ಓ ಅನ್ನಾದು ಹೇಳೇ ಇಲ್ಲ ನಾ."

ಅಧ್ಯಕ್ಷೆಯ ಹತ್ತಿರ ಹೋಗಿ ಬೇಡಿಕೊಂಡೆ, ಇನ್ನೊಂದೇ ನಿಮಿಷ ಎಂದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮ ತಂದೆಯ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಆದರೆ ನಿಯಮ ಎಲ್ಲರಿಗೂ ಒಂದೇ, ಸಾರಿ ಎಂದಳು. ಬರೆದು ಕೊಡುತ್ತೇನೆಂದರೆ, ಬರೆದು ಕೊಡುವ ಗಡುವು ಮುಗಿದುಹೋಗಿದೆ ಎಂದಳು. ಅಷ್ಟರಲ್ಲಿ ಮುಂದಿನವರ ಹಸಿರು ದೀಪ ಹತ್ತಿತ್ತು.

ನಾನು ಆ ಶರಣು ಶರಣಾರ್ಥಿಗಳನ್ನು ನುಂಗಿಬಿಡಬಹುದಿತ್ತು. ಅಪ್ಪನಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ತರಗತಿಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸಿದೆ. ವಾಪಸು ಬರುವಾಗ ವಿಮಾನದಲ್ಲಿ ಅಪ್ಪನ ಮೇಲೆ ಸಿಟ್ಟು ಬಂತು. ಅವನ ತಾತನ ಮೇಲೂ ಬಂತು. ಅಪ್ಪ ಪಕ್ಕದಲ್ಲಿ ಕೂತು, ಗಾಳಿಗೆ ಮೆತ್ತಗಾದ ಖಡಕ್ ರೊಟ್ಟಿಯನ್ನು ಮುರಿಯಲು ನೋಡುತ್ತಿದ್ದ. ಅದು ಮುರಿಯದೆ ಮಡಚಿಕೊಳ್ಳುತ್ತಿತ್ತು.

ಚಿಗಟೇರಿ ದಾರಿ

ಸಮಿತಿಯ ವರದಿ ನಾವು ಬಂದ ಎಷ್ಟೋ ದಿನಕ್ಕೆ ಮೇಲ್‌ನಲ್ಲಿ ಬಂತು. ಕಾಲೇಜಿನಿಂದ ಅವ್ವನಿಗೆ ಫೋನ್ ಮಾಡಿ, ಬಂದಿದೆ, ಅಪ್ಪನಿಗೆ ಮೊದಲು ಓದಿ ಹೇಳುತ್ತೇನೆ ಎಂದೆ. ಅಪ್ಪ ಅವತ್ತು ಚಿಗಟೇರಿ ದಾರಿಯ ಹೊಲವೊಂದರಲ್ಲಿ ಹಳೇ ಬಾವಿಯ ಕೆಲಸಕ್ಕೆ ಹೋಗಿದ್ದ. ಹರಪನಹಳ್ಳಿಯಲ್ಲಿ ಬಸ್ಸು ಇಳಿದು ಆಟೊ ಹಿಡಿದು ಅಲ್ಲಿಗೇ ಹೋದೆ.

ಬಂಡೆಗೆ ಮದ್ದು ತುಂಬಿ ಮುಗಿದಿತ್ತು. ಕಾಯಲು ಹೋಗುವವರು ಇನ್ನೂ ಬೀಡಿ ಸೇದುತ್ತಿದ್ದರು. ದಂಡೆಯ ಮೇಲೆ ಅಪ್ಪನ ಪಕ್ಕ ಕುಳಿತು ಫೋನಿನಲ್ಲಿ ಓದಿ ಹೇಳಿದೆ. ಎಚ್ಚರಿಕೆಯ ವಲಯ ಎಚ್ಚರಿಕೆಯ ವಲಯವಾಗಿಯೇ ಇರುತ್ತದೆ. ಮುಚ್ಚುವುದಿಲ್ಲ. ಅನುಮತಿ ಕೇಳಬೇಕಿಲ್ಲ. ಸೇನೆಯ ಪೈಲಟ್‌ಗಳು ಒಳಗೆ ಬರುವ ಮುನ್ನ, ಅನುಕೂಲವಿದ್ದರೆ, ನಾಗರಿಕರ ಚಾನೆಲ್ಲಿನಲ್ಲಿ ಒಮ್ಮೆ ಹೇಳಿ ಬರಬೇಕು. ಇಷ್ಟು ಸಾಕು ಎಂಬುದಕ್ಕೆ ಆಧಾರವಾಗಿ ಒಂದು ಚೌಕಟ್ಟಿನೊಳಗೆ ದಪ್ಪ ಅಕ್ಷರದಲ್ಲಿ ಅಪ್ಪನ ಮಾತನ್ನು ಹಾಕಿದ್ದರು. ಹಾರಿಸುವ ಮೊದಲು ನಾವು ಕೂಗಿ ಹೇಳುತ್ತೇವೆ, ಮೃತ ಪೈಲಟ್‌ನ ತಂದೆಯ ಮಾತು, ಎಂದು. ಆ ಮಾತಿನಲ್ಲಿರುವ ಸರಳ ವಿವೇಕವನ್ನು ಸಮಿತಿ ಮನಸಾರೆ ಕೊಂಡಾಡಿತ್ತು.

ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು, ತನಗೆ ಓದಲು ಬಾರದ ಅಕ್ಷರಗಳನ್ನು ನೋಡಿದ.

"ಅಷ್ಟಕ್ಕ ನಿಲ್ಲಿಸ್ಯಾರ?"

"ಅಷ್ಟಕ್ಕ."

"ವೀರೇಶನೂ ಕೂಗಿದ್ನಲ್ಲ. ಕೂಗಿದಂವ ಸತ್ತಾನಲ್ಲ."

ಅಪ್ಪನ ಕೈಯಲ್ಲಿ ಫೋನಿನ ಪರದೆ ಆರಿತು.

"ಹಂಗಾದ್ರ ಮುಚ್ಚಬ್ಯಾಡ್ರಿ ಅಂತ ನಾನ ಹೇಳಿ ಬಂದಂಗಾತಲ್ಲವ್ವ," ಎಂದ ಅಪ್ಪ.

ಅಪ್ಪ ಫೋನನ್ನು ನನ್ನ ಮಡಿಲಲ್ಲಿಟ್ಟು, ಧೋತರ ಎತ್ತಿ ಕಟ್ಟಿ ನಿಂತ. ನಾಲ್ವರು ನಾಲ್ಕು ದಿಕ್ಕಿಗೆ ಹೋದರು. ಟ್ರ್ಯಾಕ್ಟರಿನವನು ವೈರಿನ ಎರಡು ತುದಿಗಳನ್ನು ಬ್ಯಾಟರಿಯ ಹತ್ತಿರ ಹಿಡಿದು ಕುಳಿತ.

"ಮದ್ದೈತೋ, ಮದ್ದೂ."

ಮೂಡಣದಿಂದ ಓ ಬಂತು. ತೆಂಕಣದಿಂದ ಬಂತು. ಪಡುವಣದಿಂದಲೂ ಬಂತು. ಬಡಗಣದಿಂದ ಬರಲಿಲ್ಲ. ಅಲ್ಲಿಗೆ ಹೋಗಿದ್ದವನು ಹೊಲದ ಮಾಲಿಕನ ಅಳಿಯ, ಜಾಲಿಗಿಡಗಳ ಹಿಂದೆ ಮರೆಯಾಗಿದ್ದ. ಅಪ್ಪ ಇನ್ನೊಮ್ಮೆ ಕೂಗಿದ. ಇಲ್ಲ.

"ಆ ಕಡಿ ಯಾರ್ ಬರ್ತಾರಜ್ಜಾ, ಬರೀ ಬೀಳು ಹೊಲ. ಹಚ್ಚಿಬಿಡ್ತೀನಿ," ಎಂದ ಟ್ರ್ಯಾಕ್ಟರಿನವನು.

ಅಪ್ಪ ಹೋಗಿ ಅವನ ಕೈಯಿಂದ ವೈರು ಕಿತ್ತುಕೊಂಡ. ಎರಡೂ ತುದಿಗಳನ್ನು ದೂರ ದೂರ ಮಾಡಿ ಎರಡು ಮುಷ್ಟಿಯಲ್ಲಿ ಹಿಡಿದು, ಬಡಗಣಕ್ಕೆ ಮುಖ ಮಾಡಿ ದಂಡೆಯ ಮೇಲೆ ಕುಳಿತ. ಮೊದಲಾಗಿದ್ದರೆ ಬೈಯುತ್ತಿದ್ದ. ಈಗ ಬೈಯಲಿಲ್ಲ.

ನನ್ನ ಮಡಿಲಲ್ಲಿ ಫೋನು ಹೊಡೆದುಕೊಂಡಿತು. ಅವ್ವ.

"ಓದಿ ಹೇಳಿದೇನು ನಿಮ್ಮಪ್ಪಗ?" ಎಂದಳು. "ಏನಂತ ಬರದಾರ? ಮುಚ್ಚಿದ್ರೇನು?"

ನಾನು ಉತ್ತರ ಕೊಡುವ ಮೊದಲೇ ಅಪ್ಪ ಜಾಲಿಗಿಡಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದ:

"ಫೋನು ಇಡವ್ವ. ಓ ಕೇಳ್ಸಂಗಿಲ್ಲ."

ಫೋನು ಇಟ್ಟುಬಿಟ್ಟೆ.